ಯಾವ ಕಾಲು

ಸುಂಟಿಕೊಪ್ಪದ ಭಾನುವಾರದ ಸಂತೆ ಕರಗಿ
ಒಣಮೀನಿನವರು ಗೋಣಿ ಕೊಡವುವ ಹೊತ್ತಿಗೆ
ಮೊಯ್ದುವಿನ ಟೈರಂಗಡಿಯ ಹಿಂದೆ, ಸವೆದ ಲಾರಿ ಚಕ್ರಗಳ ಮೇಲೆ
ನಾಲ್ಕು ಜನ, ಮೂರು ಸರಿಯಾದ ಮಂಡಿ.
ಅದರಲ್ಲಿ ಎರಡು ನನ್ನವು.

ಹಾಕಿಯ ನಾಡಿನಲ್ಲಿ ಕಾಲು ನಂಬಿ ಬದುಕಿದವರು ನಾವು.
ಬೆಳ್ಯಪ್ಪನ ಮನೆಯ ಗೋಡೆಗೆ, ಕೋವಿಯ ಪಕ್ಕ,
ತಾತನಿಂದ ತಮ್ಮನವರೆಗೆ ಹನ್ನೊಂದು ಹಾಕಿ ಕೋಲು.
ಇವನು ಹೆಣ್ಣು ನೋಡಲು ಹೋದಾಗ
ಮಾವನಾಗಬೇಕಾದವರು ಮೆಲ್ಲಗೆ ಕೇಳಿದ್ದರಂತೆ:
'ಹುಡುಗನಿಗೆ ಕೈಯಲ್ಲಿ ಏನಾದರೂ ತೊಂದರೆಯಾ?'

ಕಾರ್ಖಾನೆಯ ತಂಡ ನಮ್ಮದು. ಬೆಳಗ್ಗೆ ಕಾರ್ಡು ಒತ್ತಿ
ಹನ್ನೊಂದಕ್ಕೆ ಮೈದಾನ, ಏಳನೇ ತಾರೀಕು ಸಂಬಳ.
ಬೆವರಿಗೆ ಪಿ.ಎಫ್. ಇತ್ತು.
ನೋವಿಗೆ ಇರಲಿಲ್ಲ.

ಶುರು ಯಾವಾಗಲೂ ಮೊಯ್ದುವಿನದು,
ಕಲ್ಲಿಕೋಟೆಯ ಗೋಲಿನಿಂದ.
ಮೊದಲು ಅದು ಹದಿನೆಂಟು ಗಜದ್ದು.
ಮೊಮ್ಮಗಳು ಹುಟ್ಟಿದ ವರ್ಷ ಇಪ್ಪತ್ತೈದಾಯಿತು.
ಈಗ ಅರ್ಧ ಮೈದಾನದಿಂದ ಹೊರಟು
ಗಾಳಿಯಲ್ಲಿ ಬಾಗಿ, ಕಂಬವನ್ನು ಸವರಿ,
ಬಲೆ ಹರಿದು, ಹಿಂದೆ ಕೂತವನ
ಬೀಡಿಯ ಕೆಂಡ ಹಾರಿಸುತ್ತದೆ.
'ಪಡೆಚೋನೇ, ಎಂಥ ಗೋಲು! ಅಲ್ಲವಾ ಐತಪ್ಪ?'
'ಹೌದು' ಅನ್ನುತ್ತೇನೆ.

ನಾನು ಎರಡನೇ ಗೋಲ್‌ಕೀಪರ್.
ಒಂಬತ್ತು ಸೀಸನ್ನು ಬೆಂಚಿನ ಎಡತುದಿ,
ನಿಂಬೆಹೋಳಿನ ಡಬ್ಬಿ, ಬೇರೆಯವರ ಗಡಿಯಾರ, ಉಂಗುರಗಳ ಕಾವಲು.
ಆಡುವವನಿಗೆ ಆಟ ಕಾಣುವುದಿಲ್ಲ, ಚೆಂಡು ಕಾಣುತ್ತದೆ.
ಆಟ ನೋಡಿದವನು ನಾನು.
ಅದಕ್ಕೇ ಇವರ ಕಥೆಗಳಿಗೆಲ್ಲ ನನ್ನ ರುಜು ಬೇಕು.

ಬೆಳ್ಯಪ್ಪನದು ಕಲ್ಕತ್ತದ ಕೆಸರು.
ಬೂಟು ಅಲ್ಲೇ ಹೂತು ಉಳಿದು
ಕಾಲೊಂದೇ ಚೆಂಡಿನ ಹಿಂದೆ ಓಡಿದ್ದು,
ಆಟ ಮುಗಿದ ಮೇಲೆ ಎದುರು ತಂಡದ ಕಪ್ಪು ಕನ್ನಡಕದ ಮುದುಕ ಮಾಲಿ
ಬೂಟು ತೊಳೆದು, ಎರಡು ಕೈಯಲ್ಲಿ ಹಿಡಿದು ತಂದಿದ್ದು.
ನಿಜ. ತೊಳೆದಿರಲಿಲ್ಲ, ಅಷ್ಟೆ.
'ಹೌದು' ಅನ್ನುತ್ತೇನೆ.

ಸಿಲ್ವೆಸ್ಟರ್ ಮಾತು ಕಮ್ಮಿ.
ಬನ್ನು ಟೀಗೆ ಅದ್ದುವಾಗ ನೋಡಬೇಕು ಅವನ ಬೆರಳು,
ನಾಲ್ಕು ಬೆರಳು ನಾಲ್ಕು ಊರಿನ ದಾರಿ ತೋರಿಸುತ್ತವೆ.
ಮುನ್ನೂರು ಮ್ಯಾಚು ಗೋಲು ಕಾದವನು
ಹಿಡಿದ ಒಂದು ಚೆಂಡಿನ ಸುದ್ದಿಯೂ ಎತ್ತುವುದಿಲ್ಲ.
ಅವನಿಗೆ ಇರುವುದು ಒಂದೇ ಕಥೆ, ಗೋವಾದ ಫೈನಲ್ಲು,
ಎರಡು ಸೊನ್ನೆಯಲ್ಲಿ ನಾವು ಮುಂದೆ, ನಾಲ್ಕು ನಿಮಿಷ ಬಾಕಿ,
ಮೀನಖಂಡ ಸೆಳೆದು, ಕೂತ.

ಆ ನಾಲ್ಕು ನಿಮಿಷ ನನ್ನದು.
ಒಂಬತ್ತು ವರ್ಷದಲ್ಲಿ ನನ್ನದು ಅಂತ ಇರುವುದು ಅಷ್ಟು.
ಕೈಗವಸಿನೊಳಗೆ ಇನ್ನೂ ಅವನ ಬಿಸಿ ಇತ್ತು.
ಚೆಂಡು ನನ್ನ ಕಡೆ ಬಂದಿದ್ದು ಒಮ್ಮೆ, ಅದೂ ಗೆರೆಯಾಚೆ.
ತಂದು ಇಟ್ಟೆ. ಹುಲ್ಲು ಒತ್ತಿ ಸರಿಮಾಡಿದೆ.
ಆರು ಹೆಜ್ಜೆ ಹಿಂದೆ ಹೋಗಿ ಉಸಿರು ತೆಗೆದುಕೊಂಡೆ.
ಸೀಟಿ.
ಆ ಚೆಂಡು ಅಲ್ಲೇ ಇದೆ, ನನ್ನ ಪಾಲಿಗೆ.
ಮದುವೆಯ ಫೋಟೋ ಮಾಸಿತು, ಅದು ಮಾಸಿಲ್ಲ.

ಇವತ್ತು ಸಿಲ್ವೆಸ್ಟರ್ ಬಲಗಾಲು ನೀವುತ್ತಾ ಅಂದ,
'ಈ ಕಾಲು ನೋಡು, ಅವತ್ತು ಕಲ್ಲಾಗಿತ್ತು.'
ಕಳೆದ ಹುತ್ತರಿಗೆ ಅದು ಎಡಗಾಲು.
ಅದರ ಹಿಂದಿನ ಸಲವೂ ಎಡಗಾಲೇ.

ತಲೆ ಎತ್ತಿದೆ.
ಮೊಯ್ದು ಕಡಲೆ ಸಿಪ್ಪೆ ಊದುತ್ತಿದ್ದ.
ಬೆಳ್ಯಪ್ಪ ಏನನ್ನೂ ನೋಡದಂತೆ ಮಡಿಕೇರಿ ಬಸ್ಸು ನೋಡುತ್ತಿದ್ದ.
ಆ ತಂಡದ ಪ್ರತಿ ಗೋಲು, ಪ್ರತಿ ಪೆಟ್ಟು, ಪ್ರತಿ ಜಾರಾಟ
ನೋಡಿದವನು ನಾನು.
ಅವನು ಮೈದಾನದಿಂದ ಬೆಂಚಿಗೆ ಬಂದ ಹದಿನೈದು ಹೆಜ್ಜೆ,
ಕುಂಟುತ್ತಾ ಬಂದನೋ, ಸುಮ್ಮನೆ ನಡೆದು ಬಂದನೋ,
ಅದೊಂದು ನೋಡಿಲ್ಲ.
ತಲೆ ತಗ್ಗಿಸಿ ಕೈಗವಸು ತೊಡುತ್ತಿದ್ದೆ.

ಸಿಲ್ವೆಸ್ಟರನ ಕೈ ಬಲಗಾಲಿನಿಂದ
ಮೆಲ್ಲಗೆ ಎಡಗಾಲಿಗೆ ಸರಿಯಿತು.
'ಎಂಥ ನೋವು. ಅಲ್ಲವಾ ಐತಪ್ಪ?'

'ಹೌದು' ಅಂದೆ.
'ನೋಡಿದ್ದೇನಲ್ಲ. ಬಹಳ ನೋವಿತ್ತು.'