ಅಂಗೈ

ಗ್ಲೌಸು ಕಳಚಿದರೆ ಬೆವರು ತೊಟ್ಟಿಕ್ಕುತ್ತದೆ.
ಬೆರಳ ತುದಿ ನೆನೆಸಿಟ್ಟ ಅಕ್ಕಿಯ ಹಾಗೆ
ಬಿಳುಚಿ, ಸುಕ್ಕಾಗಿ.
ಮೂಗಿನ ಮೇಲೆ ಮಾಸ್ಕಿನ ತಂತಿ ಕೊರೆದ ಗೆರೆ,
ಕನ್ನಡಕ ಊರಲೂ ಜಾಗವಿಲ್ಲ.

ದಿನಕ್ಕೆ ಎಷ್ಟು ಸಲ ತೊಳೆದೆನೋ,
ನಲವತ್ತರ ಮೇಲೆ ಎಣಿಸಲಿಲ್ಲ.
ಸ್ಯಾನಿಟೈಸರ್ ಬಿದ್ದರೆ ಗೆಣ್ಣಿನ ಬಿರುಕುಗಳು
ಒಂದೊಂದಾಗಿ ಹಾಜರಿ ಹೇಳುತ್ತವೆ.

ಆಜಾದ್ ನಗರದ ನಮ್ಮ ಮಂಡಕ್ಕಿ ಭಟ್ಟಿ
ತಣ್ಣಗಾಗಿ ಎರಡು ತಿಂಗಳು.
ಅಬ್ಬಾ ಹೊಸ್ತಿಲಾಚೆ ಕೂತು
'ಕೈ ತೋರಿಸು' ಅಂದರು, ದೂರದಿಂದಲೇ.
ತಮ್ಮದನ್ನೂ ಚಾಚಿದರು:
ಕಾದ ಮರಳಿಗೆ ಬೆಂದು ಬೆಂದು
ಬಿಸಿಯೇ ತಾಗದ ಅಂಗೈ.
'ನಂಗೆ ಮೂವತ್ತು ವರ್ಷ ಹಿಡೀತು ನೋಡು ಶಾಹಿದಾ,
ನಿಂಗೆ ಎರಡೇ ತಿಂಗಳು.'

ನಗಲು ಹೋದೆ,
ಕೆನ್ನೆಯ ಗಾಯ ಬಿಡಲಿಲ್ಲ.

ಸಂಜೆ ತಟ್ಟೆ ಸರಿಸಿದರು. ಒಗ್ಗರಣೆ ಮಂಡಕ್ಕಿ,
ಮೆಣಸಿನಕಾಯಿ ಇಲ್ಲ, ನಿಂಬೆಹುಳಿ ಇಲ್ಲ,
ಎಂದೂ ಇಡದ ಚಮಚ ಒಂದು.
ಪಕ್ಕದಲ್ಲಿ ಎಲೆಚೂರಿನ ಮೇಲೆ ಬೆಣ್ಣೆ.
ತಿನ್ನಲಿಕ್ಕೋ ಹಚ್ಚಲಿಕ್ಕೋ
ಹೇಳಲಿಲ್ಲ, ಎದ್ದು ಹೋದರು.

ಹಚ್ಚಿಕೊಂಡೆ.
ಆಮೇಲೆ ತಡೆಯದೆ ಬೆರಳು ನೆಕ್ಕಿದೆ.
ದಾವಣಗೆರೆಯ ಬೆಣ್ಣೆಗೂ ಈಗ
ಸೋಪಿನದೇ ರುಚಿ.