ಮೂರು ಗಿಳಿ ಸೋಡಾ

ಇಪ್ಪತ್ತೆರಡು ವರ್ಷ ಈ ಆಟೋದಲ್ಲಿ ಕೂತು
ಕೂಗಿದ್ದೇನೆ.
ಸೀರೆ ಮೇಳ, ಸರ್ಕಸ್ಸು, ಸತ್ತವರ ಸುದ್ದಿ,
ಕಂದಾಯ ಕಟ್ಟಿರಿ, ನಾಳೆ ಕರೆಂಟು ಇರುವುದಿಲ್ಲ,
ಕಳೆದುಹೋದ ಮಗು ಹಸಿರು ಅಂಗಿ ತೊಟ್ಟಿತ್ತು.
ಎಲ್ಲಕ್ಕೂ ಒಂದೊಂದು ದನಿ ಇದೆ ನನ್ನ ಗಂಟಲಲ್ಲಿ,
ದರ್ಜಿಯ ಡಬ್ಬಿಯಲ್ಲಿ ಗುಂಡಿಗಳಿದ್ದ ಹಾಗೆ.

ಆ ಜೂನ್‌ನಲ್ಲಿ ಹಾಸನಕ್ಕೆ ಕಾಮಾಲೆ ಬಂತು.
ಮೊದಲು ಪೆನ್ಷನ್ ಮೊಹಲ್ಲಾ, ಆಮೇಲೆ ಅಡ್ಲಿಮನೆ ರಸ್ತೆ,
ಆಮೇಲೆ ಯಾರ ಮನೆಯಲ್ಲಿ ಯಾರ ಕಣ್ಣು ಹಳದಿ ಎಂದು
ಲೆಕ್ಕ ಇಡುವುದನ್ನೇ ಬಿಟ್ಟೆವು.
ನಲ್ಲಿ ನೀರು ಎಂದರು. ಪಾನಿಪೂರಿ ಎಂದರು.
ಕಟ್ಟಿನಕೆರೆ ಮಾರ್ಕೆಟ್ಟಿನ ಐಸು ಎಂದರು.
ಎಂದವರು ಬಹಳ, ಬಲ್ಲವರು ಯಾರೂ ಇರಲಿಲ್ಲ.

ಕಂಪನಿಗಳೆಲ್ಲ ಒಮ್ಮೆಗೇ ನಮಗೆ ನೆಂಟರಾದವು.
ಸೋಪಿನವರು "ನಿಮ್ಮೊಂದಿಗೆ ನಾವಿದ್ದೇವೆ" ಎಂದರು.
ಫಿಲ್ಟರಿನವರು "ನಿಮ್ಮ ಮಗುವಿನ ಕಣ್ಣು ನೋಡಿದ್ದೀರಾ?" ಎಂದು
ಹೆದರಿಸಿ, ಕಂತಿನಲ್ಲಿ ಮಾರಿದರು.
ಕೂಗಿದವನು ನಾನೇ. ಗಂಟೆಗೆ ಇನ್ನೂರು.
ಚೆನ್ನಾಗಿಯೇ ಕೂಗಿದೆ.

ಒಂದು ಬೆಳಿಗ್ಗೆ ಪಾಯಣ್ಣ ಬಂದರು,
ಮೂರು ಗಿಳಿ ಸೋಡಾದ ಪಾಯಣ್ಣ,
ಮನೆಯಲ್ಲಿ ಬಟ್ಟೆಯಲ್ಲಿ ಸೋಸದೆ ನೀರು ಕುಡಿಯದವರು,
ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವರು.
ಕೈಯಲ್ಲಿ ಎರಡು ಚೀಟಿ.
ಒಂದು, ಅಳಿಯ ಅಜಿತ ಕಂಪ್ಯೂಟರಿನಲ್ಲಿ ಮಾಡಿಸಿದ್ದು:
"ಶುದ್ಧತೆಯೇ ನಮ್ಮ ಉಸಿರು. ವದಂತಿಗಳಿಗೆ ಕಿವಿಗೊಡಬೇಡಿ."
ಇನ್ನೊಂದು, ಹಳೆಯ ಬಿಲ್ಲಿನ ಹಿಂಬದಿ, ಪೆನ್ಸಿಲಿನಲ್ಲಿ:

"ನಮ್ಮ ಬೋರು ಕೆಟ್ಟು
ಹದಿನೆಂಟು ದಿನ ನಲ್ಲಿ ನೀರಿನಲ್ಲೇ ಸೋಡಾ ಮಾಡಿದೆವು.
ಆ ನೀರಿನಲ್ಲಿ ರೋಗ ಇತ್ತೋ ಇಲ್ಲವೋ ಗೊತ್ತಿಲ್ಲ.
ಪರೀಕ್ಷೆಗೆ ಕೊಟ್ಟಿದ್ದೇವೆ. ಶುಕ್ರವಾರ ವರದಿ.
ಅಲ್ಲಿಯವರೆಗೆ ಕುಡಿಯಬೇಡಿ.
ಬಾಟಲಿ ತನ್ನಿ, ದುಡ್ಡು ಒಯ್ಯಿರಿ. ಒಡೆದಿದ್ದರೂ ಸರಿ.
ಕುಡಿದವರು ಸುಸ್ತಾದರೆ ಕಾಯಬೇಡಿ,
ದೊಡ್ಡಾಸ್ಪತ್ರೆಗೆ ಹೋಗಿ."

"ಯಾವುದು ಓದಲಿ?" ಎಂದೆ.
ಅವರು ಮೊದಲ ಚೀಟಿಯನ್ನು ನಾಲ್ಕಾಗಿ ಮಡಿಸಿ
ಕುಲುಕುತ್ತಿದ್ದ ನನ್ನ ಆಂಪ್ಲಿಫೈಯರಿನ ಅಡಿಗೆ ಒತ್ತಾಗಿ ಇಟ್ಟರು.

ಆಗ ಸಿಕ್ಕಿಬಿದ್ದೆ.
ಗೊತ್ತಿಲ್ಲ. ಈ ಪದವನ್ನು ಮೈಕಿನಲ್ಲಿ
ನಾನು ಒಮ್ಮೆಯೂ ಹೇಳಿರಲಿಲ್ಲ.
ಸೀರೆಯ ದನಿಯಲ್ಲಿ ಹೇಳಿದೆ: ರಿಯಾಯಿತಿಯ ಹಾಗೆ ಕೇಳಿತು.
ಸಾವಿನ ದನಿಯಲ್ಲಿ ಹೇಳಿದೆ: ಹುಣಸಿನಕೆರೆ ಬೀದಿಯಲ್ಲಿ ಒಬ್ಬಳು
ಹೊಸ್ತಿಲಿಗೆ ಓಡಿಬಂದು ಎದೆ ಹಿಡಿದುಕೊಂಡಳು.
ಪಾಯಣ್ಣ ಹಿಂದಿನ ಸೀಟಿನಿಂದ ಬಗ್ಗಿದರು:
"ದಸ್ತಗೀರ್, ಡಬ್ಬಿಯಲ್ಲಿ ಉಪ್ಪು ಇದೆಯಾ ಅಂತ
ಮನೆಯಾಕೆ ಕೇಳಿದರೆ ಹೇಗೆ ಹೇಳುತ್ತೀಯೋ
ಹಾಗೆ ಹೇಳಪ್ಪ."

ಹಾಗೇ ಹೇಳಿದೆ.
ಬೈದರು. ಬೈಯದೆ ಇರುತ್ತಾರೆಯೇ?
ಒಬ್ಬ ಬಾಟಲಿ ಎಸೆದ, ಗೋಲಿ ಸಿಡಿದು ಚರಂಡಿಗೆ ಉರುಳಿತು.
ಪಾಯಣ್ಣ ಇಳಿದು, ಚೂರು ಆರಿಸಿ, ಅದಕ್ಕೂ ದುಡ್ಡು ಕೊಟ್ಟರು.
ಹೊಸ್ತಿಲಿನ ಹೆಂಗಸು ಎರಡು ಸಲ ಓದಿಸಿ ಕೇಳಿದಳು,
"ಶುಕ್ರವಾರ ಎಷ್ಟು ಗಂಟೆಗೆ?"
"ವರದಿ ಎಷ್ಟೊತ್ತಿಗೋ ಗೊತ್ತಿಲ್ಲ. ಈ ಆಟೋ ನಾಲ್ಕಕ್ಕೆ."

ಶುಕ್ರವಾರ ನಾಲ್ಕಕ್ಕೆ ವರದಿ ಬಂದಿರಲಿಲ್ಲ.
ಆದರೂ ಹೋದೆವು.
ಬಾಡಿಗೆ ಬೇಡ ಎಂದೆ ಅಂದರೆ ಸುಳ್ಳಾಗುತ್ತದೆ,
ಅರ್ಧ ತಗೊಂಡೆ.
ಮೂಲೆಯಲ್ಲಿ ಹತ್ತಿಪ್ಪತ್ತು ಜನ, ಕೈಯಲ್ಲಿ ಬಾಟಲಿ,
ಆ ಹೆಂಗಸು ಎಲ್ಲರಿಗಿಂತ ಮುಂದೆ.
ಇಷ್ಟು ಹತ್ತಿರ ನಿಂತವರಿಗೆ ಕೂಗುವುದೇಕೆ ಎಂದು
ಮೈಕು ಆರಿಸಿದೆ.
"ಇನ್ನೂ ಬಂದಿಲ್ಲಮ್ಮ. ನಾಳೆ ಇದೇ ಹೊತ್ತಿಗೆ ಬರುತ್ತೇವೆ."
"ಸರಿ" ಎಂದಳು.
ಸೊಂಟದ ಮೇಲಿನ ಮಗುವಿನ ರೆಪ್ಪೆ ಬಿಡಿಸಿ
ಬಿಸಿಲಿಗೆ ತಿರುಗಿಸಿ
ಮತ್ತೊಮ್ಮೆ ನೋಡಿದಳು.