ಐಸು

ಬಿಣಗಾ ಇಗರ್ಜಿಯ ಹಿಂದಿನ ಕೋಣೆಯಲ್ಲಿ
ನನ್ನ ಲಸಿಕೆಯ ಮೇಜು. ಗೋಡೆಯ ಮೇಲೆ
ಸಂತ ಬೆಸ್ತ್ಯಾಂವ್, ಮೈತುಂಬ ಬಾಣ.
ಫಾದರ್ ಬೆಳಿಗ್ಗೆಯೇ ತೋಳು ಚಾಚಿ ತೋರಿಸಿದ್ದರು.
ಆದರೂ ಸಾಲಿನಲ್ಲಿ ಒಂಬತ್ತೇ ಜನ.

ನತಾಲಿನ್ ಬಾಯಿ ಬಾಗಿಲಲ್ಲೇ ನಿಂತಳು:
"ಭಾನುವಾರಕ್ಕೊಮ್ಮೆ ದೇವರೇ
ಈ ನಾಲಿಗೆಯ ಮೇಲೆ ಕರಗುತ್ತಾನೆ.
ಇನ್ನು ನಿನ್ನದೇನು ಸೇರಿಸುತ್ತೀ ಒಳಗೆ?"

ನಾನು ಹಾಲಕ್ಕಿಯವಳು. ಅವರ ಶಾಸ್ತ್ರ ತಿಳಿಯದು,
ಸೂಜಿ ಗೊತ್ತು. ಸುಮ್ಮನಿದ್ದೆ.

ಹನ್ನೊಂದಕ್ಕೆ ಪೆಟ್ಟಿಗೆಯ ಐಸು ನೀರಾಗತೊಡಗಿತು.
ಕಾರವಾರದ ಜೀಪು ಬೈತಖೋಲದ ತಿರುವಿನಲ್ಲಿ
ಕೆಟ್ಟು ನಿಂತಿತ್ತಂತೆ.
ಬಾಟಲಿಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ,
ಜ್ವರದ ಹಣೆ ಮುಟ್ಟಿದ ಹಾಗೆ.

ಹೋದವಳು ತಿರುಗಿ ಬಂದಳು,
ತಲೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ ಪುಡಿ ಐಸು,
ನಡುವೆ ಅಲ್ಲೊಂದು ಇಲ್ಲೊಂದು ಬಂಗಡೆಯ ಕಣ್ಣು.
ಪೆಟ್ಟಿಗೆಯ ಸುತ್ತ ತಾನೇ ಒತ್ತಿ ಒತ್ತಿ ತುಂಬಿದಳು,
ಕೂಸಿಗೆ ಹೊದಿಕೆ ಸಿಕ್ಕಿಸುವಂತೆ.
ಒದ್ದೆ ಬೆರಳಲ್ಲೇ
ಹಣೆಗೆ, ಎದೆಗೆ, ಭುಜಗಳಿಗೆ ಶಿಲುಬೆ.

"ಈಗ ನಿಂಗೆ?" ಎಂದೆ.

ಬೆಸ್ತ್ಯಾಂವನ ಬಾಣ ಎಣಿಸುವವಳಂತೆ
ಗೋಡೆ ನೋಡಿದಳು.
"ನಾಳೆ ಬಾ. ಇವತ್ತು ಮೀನು ಹೊರಬೇಕು,
ತೋಳು ನೋಯಬಾರದು."

ನಾಳೆ ನನ್ನ ಪಾಳಿ ತೋಡೂರಿನಲ್ಲಿ.
ಬರ್ತೇನೆ ಅಂದೆ.
ಕೋಣೆಯೆಲ್ಲ ಬಂಗಡೆ ವಾಸನೆ.